ಮೀನಿಗೂ ಬಾತುಬೇಟೆಗೂ ಒಂದೇ ಅಲ್ಯೂಮಿನಿಯಂ ದೋಣಿ: 14 ಅಡಿ ಸಾಕಾ, 16 ಬೇಕಾ?

ತುಂಗಾತೀರ (ಮಿನಿಯಾಪೊಲಿಸ್ ಹತ್ತಿರ, ಮಿನ್ನೆಸೋಟ)

ಎಲ್ಲರಿಗೂ ನಮಸ್ಕಾರ. ಕೊನೆಗೂ ದೋಣಿ ಕೊಳ್ಳಲು ಮನೆಯಲ್ಲಿ ಒಪ್ಪಿಗೆ ಸಿಕ್ಕಿದೆ. ಆದರೆ ಒಂದೇ ದೋಣಿ. ಗ್ಯಾರೇಜಿನಲ್ಲಿ ಜಾಗ ಅಷ್ಟೇ ಇರೋದು.

ಬೇಸಿಗೆಯಲ್ಲಿ ಮೀನು: ವಾಲೈ, ಕ್ರಾಪಿ, ಸಿಕ್ಕಿದರೆ ಪೈಕ್. ಅಕ್ಟೋಬರ್, ನವೆಂಬರ್‌ನಲ್ಲಿ ಬಾತುಬೇಟೆ. ದೋಣಿಯಲ್ಲಿ ನಾನು, ಆಫೀಸಿನ ಗೆಳೆಯ, ನಮ್ಮ ಲ್ಯಾಬ್ರಡಾರ್ ನಾಯಿ. ಮೀನಿಗೆ ಹೋದಾಗ 11 ವರ್ಷದ ಮಗನೂ ಇರುತ್ತಾನೆ. ಎಳೆಯಲು ಟೊಯೊಟಾ ಹೈಲ್ಯಾಂಡರ್ ಇದೆ. ಎಂಜಿನ್, ಟ್ರೇಲರ್ ಎಲ್ಲ ಸೇರಿ 8,000 ಡಾಲರ್ ಒಳಗೆ ಮುಗಿಯಬೇಕು. ಅಂದರೆ ಸೆಕೆಂಡ್ ಹ್ಯಾಂಡೇ.

ಈಗ ಕಣ್ಣಿಟ್ಟಿರುವುದು ಮೂರು:

ಅ) 1436 ಜಾನ್ ಬೋಟ್ (ಚಪ್ಪಟೆ ತಳದ ದೋಣಿ), ರಿವಿಟ್ ಹೊಡೆದದ್ದು, 9.9 ಎಚ್‌ಪಿ ಎಂಜಿನ್. ತುಂಬಾ ಅಗ್ಗ.
ಆ) 1648 ಮಾಡ್-ವಿ (ಮೂತಿ ಸ್ವಲ್ಪ ಚೂಪು), ವೆಲ್ಡಿಂಗ್‌ನದು, 25 ಎಚ್‌ಪಿ ಟಿಲ್ಲರ್ (ಹಿಂದೆ ಕೂತು ಕೈಹಿಡಿಯಿಂದ ತಿರುಗಿಸುವ ಎಂಜಿನ್). ಬಜೆಟ್ಟಿನ ಅಂಚಿಗೆ ಬರುತ್ತದೆ.
ಇ) 16 ಅಡಿಯ ಡೀಪ್-ವಿ (ತಳ ಚೂಪಾಗಿ ಆಳಕ್ಕಿಳಿದದ್ದು), ಲುಂಡ್ ಕಂಪನಿಯದು, 40 ಎಚ್‌ಪಿ. ಹಳೆಯದು, ಆದರೆ ನೋಡಲು ಚೆಂದ.

ಮನಸ್ಸು (ಇ) ಕಡೆ ವಾಲಿದೆ. ಗೆಳೆಯ (ಅ) ಸಾಕು ಅನ್ನುತ್ತಾನೆ. ನೀವೇನಂತೀರಿ?

ಕೊಡಗಿನ ಕಾಫಿ (ಲಾ ಕ್ರಾಸ್, ವಿಸ್ಕಾನ್ಸಿನ್)

ದೋಣಿ ಆಮೇಲೆ. ಮೊದಲು ಯಾವ ನೀರು ಅಂತ ಹೇಳಿ. ಮಿಲ್ ಲ್ಯಾಕ್ಸ್‌ಗೆ ಹೋಗ್ತೀರಾ, ಇಲ್ಲಾ ಮನೆ ಹತ್ತಿರದ ಚಿಕ್ಕ ಕೆರೆಗಳಾ? ಬಾತಿಗೆ ಜೊಂಡು ತುಂಬಿದ ಜವುಗು ನೆಲವಾ, ಮಿಸ್ಸಿಸಿಪ್ಪಿಯ ಹಿನ್ನೀರಾ?

ಮಿಲ್ ಲ್ಯಾಕ್ಸ್ ಅಂದರೆ 1,32,000 ಎಕರೆ ನೀರು, ಆದರೆ ಅತಿ ಆಳದ ಕಡೆಯೂ 42 ಅಡಿಯಷ್ಟೇ. ಅಗಲವಾದ, ಆಳವಿಲ್ಲದ ಕೆರೆಗೆ ಗಾಳಿ ಬಿದ್ದರೆ ಅಲೆ ಬೇಗ ಏಳುತ್ತದೆ, ಅದೂ ಒಂದಕ್ಕೊಂದು ಹತ್ತಿರ ಹತ್ತಿರ ಬರುತ್ತದೆ. ಅಲ್ಲಿ ಚಪ್ಪಟೆ ತಳದ 14 ಅಡಿ ದೋಣಿಯಲ್ಲಿ ಕೂತರೆ ನಡು ಉಳಿಯುವುದಿಲ್ಲ. ನಡುವಿನ ಮಾತು ಬಿಡಿ, ಜೀವಕ್ಕೇ ಅಪಾಯ.

ಹೊಸಬರಿಗಾಗಿ ಒಂದು ಮಾತು. 1436 ಅಂದರೆ ಉದ್ದ 14 ಅಡಿ, ತಳದ ಅಗಲ 36 ಇಂಚು. 1648 ಅಂದರೆ 16 ಅಡಿ, 48 ಇಂಚು. ಅದು ತಳದ ಅಗಲ, ಮೇಲಿನ ಅಗಲ ಇನ್ನೂ ಜಾಸ್ತಿ. ಜನ ಉದ್ದ ನೋಡಿ ಕೊಳ್ಳುತ್ತಾರೆ. ನಾಯಿ ಎದ್ದು ಒಂದು ಪಕ್ಕಕ್ಕೆ ಓಡಿದಾಗ ನಿಮ್ಮನ್ನು ಕಾಯುವುದು ಉದ್ದವಲ್ಲ, ಆ ಅಗಲ.

ತುಂಗಾತೀರ

ಅಕ್ಕ, ಮೀನಿಗೆ ಹೆಚ್ಚಾಗಿ ಮನೆ ಸುತ್ತಲಿನ ನಡುಗಾತ್ರದ ಕೆರೆಗಳು. ಮಿಲ್ ಲ್ಯಾಕ್ಸ್ ಅಪರೂಪಕ್ಕೆ, ಗಾಳಿ ಇಲ್ಲದ ದಿನ ಮಾತ್ರ. ಬಾತಿಗೆ ವೈಲ್ಡ್ ರೈಸ್ (ನೀರಿನ ಕಾಡುಭತ್ತ) ಬೆಳೆಯುವ ಆಳವಿಲ್ಲದ ಕೆರೆಗಳು. ಮುಂದೆ ಒಂದು ದಿನ ನಿಮ್ಮ ಕಡೆಯ ನದಿಗೂ ಬರುವ ಆಸೆ ಇದೆ.

ಕೊಡಗಿನ ಕಾಫಿ

ಹಾಗಾದರೆ (ಇ) ಬಿಟ್ಟುಬಿಡಿ. ಬೇಸರ ಆಗಬಹುದು, ಆದರೂ ಹೇಳ್ತೇನೆ.

ಡೀಪ್-ವಿ ಅಲೆ ಸೀಳಲು ಚೆನ್ನ. ಆದರೆ ಅದು ನೀರಿನಲ್ಲಿ ಆಳಕ್ಕೆ ಕೂರುತ್ತದೆ, ಪಕ್ಕದ ಗೋಡೆಯೂ ಎತ್ತರ. ವೈಲ್ಡ್ ರೈಸ್ ಒಳಗೆ ನುಗ್ಗಲು ಹೋದರೆ ಅರ್ಧ ದಾರಿಯಲ್ಲೇ ಕೆಸರು ಕಚ್ಚುತ್ತದೆ. ನಿಮ್ಮ ರಾಜ್ಯದಲ್ಲಿ ಇನ್ನೊಂದು ನಿಯಮ ಇದೆ. ಕೆಲವು ವಿನಾಯಿತಿ ಬಿಟ್ಟರೆ ಬಟಾಬಯಲು ನೀರಿನಲ್ಲಿ ನಿಂತು ಬಾತಿಗೆ ಗುಂಡು ಹೊಡೆಯುವಂತಿಲ್ಲ. ನೀರಿನಿಂದ ಮೇಲೆದ್ದ ಗಿಡಗಳ ನಡುವೆ ಅಷ್ಟೋ ಇಷ್ಟೋ ಮರೆಯಾಗಿರಬೇಕು. ಆ ಮರೆಗೆ ಹೋಗಲಾರದ ದೋಣಿ ಬೇಟೆಗೆ ಯಾಕೆ?

(ಅ) ಒಬ್ಬರಿಗೆ, ಚಿಕ್ಕ ಹೊಂಡಕ್ಕೆ ಸರಿ. ಇಬ್ಬರು ದೊಡ್ಡವರು, ನಾಯಿ, ಮೂರು ಡಜನ್ ಡಿಕಾಯ್ (ಬಾತುಗಳನ್ನು ಸೆಳೆಯುವ ನಕಲಿ ಬಾತು) ಅಂದರೆ ಅದು ದೋಣಿಯಲ್ಲ, ಸಾಹಸ.

ಜವಾರಿ ಜೋಳ (ಬೆಂಟನ್‌ವಿಲ್, ಅರ್ಕನ್ಸಾ)

ಅಕ್ಕಾರು ಹೇಳಿದ್ದು ಖರೆ ಐತಿ. ನನ್ನ ಓಟು (ಆ)ಗೆ.

ಆದರೆ ಒಂದು ಕೇಳ್ತೀನಿ ರೀ. 25 ಎಚ್‌ಪಿ ಔಟ್‌ಬೋರ್ಡ್ (ದೋಣಿಯ ಹಿಂದೆ ನೇತುಹಾಕುವ ಎಂಜಿನ್) ತಗೊಂಡು ಜೊಂಡಿನಾಗ ಹೆಂಗ ಹೋಗ್ತೀರಿ? ನಮ್ಮ ಅರ್ಕನ್ಸಾದಲ್ಲಿ ಮುಳುಗಿದ ಕಾಡಿನೊಳಗೆ ಬೇಟೆ. ಸ್ಟಟ್‌ಗಾರ್ಟ್ ಅನ್ನುವ ಇಲ್ಲಿನ ಊರಿನ ಸುತ್ತಲಿನ ಮಂದಿ ಎಷ್ಟೋ ಜನ ಮಡ್ ಮೋಟಾರೇ ಹಾಕುತ್ತಾರೆ. ಲೂಸಿಯಾನದ ಬ್ಯಾಟನ್ ರೂಜ್‌ನಲ್ಲಿ 1977ರಲ್ಲಿ ಶುರುವಾದ ಗೋ-ಡೆವಿಲ್ ಈ ಸಾಲಿನಲ್ಲಿ ಹಳೆಯ ಹೆಸರು. ಗಾಳಿಯಿಂದ ತಣ್ಣಗಾಗುವ ಎಂಜಿನ್, ಹಿಂದಕ್ಕೆ ಚಾಚಿದ ಉದ್ದನೆಯ ಶಾಫ್ಟ್, ತುದಿಯಲ್ಲಿ ಪ್ರೊಪೆಲರ್. ಕೆಸರು, ಬೇರು, ಮರದ ಬೊಡ್ಡೆ ಯಾವುದಕ್ಕೂ ಅದು ಕೇರ್ ಮಾಡುವುದಿಲ್ಲ. ಔಟ್‌ಬೋರ್ಡ್ ತಣ್ಣಗಾಗುವುದು ನೀರು ಎಳೆದುಕೊಂಡು. ಕೆಸರು, ಪಾಚಿ ಎಳೆದುಕೊಂಡರೆ ಬಿಸಿಯಾಗಿ ಕಿರುಚಲು ಶುರುಮಾಡುತ್ತದೆ.

ಕೊಡಗಿನ ಕಾಫಿ

ಜೋಳದವರೇ, ಅವರು ವರ್ಷದಲ್ಲಿ ಹೆಚ್ಚು ದಿನ ಹಿಡಿಯುವುದು ಮೀನು. ಮಡ್ ಮೋಟಾರಿನಲ್ಲಿ ವಾಲೈ ಹಿಡಿದು ನೋಡಿದ್ದೀರಾ? ಸಾದಾ ಲಾಂಗ್-ಟೇಲ್‌ಗಳಲ್ಲಿ ನ್ಯೂಟ್ರಲ್, ರಿವರ್ಸ್ ಇರುವುದಿಲ್ಲ. ನಿಧಾನಕ್ಕೆ ಗಾಳ ಎಳೆದುಕೊಂಡು ಹೋಗಲು ಬರುವುದಿಲ್ಲ. ಅದೇ ಎಚ್‌ಪಿಗೆ ಔಟ್‌ಬೋರ್ಡಿನ ವೇಗವೂ ಸಿಗುವುದಿಲ್ಲ. ಸದ್ದಂತೂ ದೇವರೇ ಕಾಪಾಡಬೇಕು.

ಜೊಂಡಿನ ಅಂಚಿನವರೆಗೆ ಔಟ್‌ಬೋರ್ಡ್. ಅಲ್ಲಿ ಎಂಜಿನ್ ಮೇಲಕ್ಕೆತ್ತಿ, ಉದ್ದನೆಯ ಗಳ ಊರಿ ತಳ್ಳಿಕೊಂಡು ಒಳಗೆ ಹೋಗಿ. ನಾವೆಲ್ಲ ಮಾಡುವುದು ಅದನ್ನೇ.

ಜವಾರಿ ಜೋಳ

ಸದ್ದಿನ ಮಾತು ಒಪ್ಪಿದೆ. ಕಿವಿಗೆ ಮುಚ್ಚಳ ಇಲ್ಲದೆ ಹತ್ತಲೇಬಾರದು. ಗಳ ಊರಿ ತಳ್ಳುವುದು ನಮ್ಮ ತುಂಗಭದ್ರೆಯ ಹರಿಗೋಲಿನ ಮಂದಿಗೆ ಹೊಸದೇನಲ್ಲ ಬಿಡ್ರಿ.

ಪಡುವಣ ಗಾಳಿ (ಹ್ಯೂಸ್ಟನ್, ಟೆಕ್ಸಸ್)

ನಾನು ಮಲ್ಪೆ ಕಡೆಯವ ಮಾರಾಯ್ರೆ. ಊರಿನ ನಾಡದೋಣಿಗಳೆಲ್ಲ ಈಗ ಫೈಬರ್. ಹಾಗಾಗಿ ಒಂದು ಪ್ರಶ್ನೆ: ಅಲ್ಯೂಮಿನಿಯಂ ಯಾಕೆ? ಫೈಬರ್ ದೋಣಿ ಯಾಕೆ ಬೇಡ?

ಕೊಡಗಿನ ಕಾಫಿ

ನವೆಂಬರ್ ಬೆಳಿಗ್ಗೆ ಇಲ್ಲಿ ದೋಣಿ ಇಳಿಸುವ ರಾಂಪಿನ ಬಳಿ ನೀರಿನ ಮೇಲೆ ತೆಳು ಮಂಜುಗಡ್ಡೆ ಕಟ್ಟಿರುತ್ತದೆ. ಅದನ್ನು ಒಡೆದುಕೊಂಡೇ ಹೋಗಬೇಕು. ಫೈಬರಿನ ಮೇಲಿನ ನುಣುಪು ಪದರ ಗೀರಿ ಹಾಳಾಗುತ್ತದೆ. ಅಲ್ಯೂಮಿನಿಯಂಗೆ ಬಣ್ಣ ಹೋಗಬಹುದು, ಅಷ್ಟೇ. ಕಲ್ಲಿಗೆ ಬಡಿದರೆ ಫೈಬರ್ ಬಿರುಕು ಬಿಡುತ್ತದೆ, ಇದು ನೆಗ್ಗುತ್ತದೆ. ತೂಕವೂ ಕಡಿಮೆ, ಹೈಲ್ಯಾಂಡರಿಗೆ ಸುಲಭ.

ಪಡುವಣ ಗಾಳಿ

ಅರ್ಥವಾಯಿತು. ನಾನು ಗ್ಯಾಲ್ವೆಸ್ಟನ್ ಕೊಲ್ಲಿಯಲ್ಲಿ ರೆಡ್‌ಫಿಶ್ ಹಿಡಿಯುವವ, ನಮ್ಮದು ಉಪ್ಪುನೀರು. ಇಲ್ಲಿಯೂ ಅಲ್ಯೂಮಿನಿಯಂ ಓಡಿಸುವವರು ಉಂಟು. ಅವರಿಗೆ ಒಂದೇ ವ್ರತ: ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆಯಬೇಕು, ಟ್ರೇಲರ್ ಸಮೇತ. ಸವೆಯಲೆಂದೇ ಎಂಜಿನಿಗೆ ಹಾಕುವ ಆನೋಡ್ ತುಂಡೂ ನೀರಿಗೆ ತಕ್ಕ ಹಾಗೆ ಇರಬೇಕು. ಉಪ್ಪುನೀರಿಗೆ ಸತು, ಸಿಹಿನೀರಿಗೆ ಮೆಗ್ನೀಷಿಯಂ, ಅಲ್ಯೂಮಿನಿಯಂ ಆನೋಡ್ ಎರಡಕ್ಕೂ ನಡೆಯುತ್ತದೆ. ಸಮುದ್ರದ ಕಡೆಯಿಂದ ಬಂದ ಹಳೆ ದೋಣಿ ಕೊಳ್ಳುವುದಾದರೆ ಇದನ್ನು ಬಿಚ್ಚಿ ನೋಡಿ. ಪೂರ್ತಿ ಕರಗಿಹೋಗಿದ್ದರೆ ಮಾಲೀಕ ಎಷ್ಟು ಚೆನ್ನಾಗಿ ನೋಡಿಕೊಂಡಿದ್ದ ಅಂತ ಗೊತ್ತಾಗುತ್ತದೆ.

ಹಕ್ಕಿಮಿತ್ರ (ಮೈಸೂರು)

ಕ್ಷಮಿಸಿ, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ರಂಗನತಿಟ್ಟಿನ ಪಕ್ಕದಲ್ಲಿ ಬೆಳೆದವನು ನಾನು. ಬಾತು ಹೊಡೆಯಲು ಯಾವ ದೋಣಿ ಒಳ್ಳೆಯದು ಅಂತ ಕನ್ನಡದಲ್ಲಿ ಚರ್ಚೆ ನೋಡಿ ಕಸಿವಿಸಿ ಆಯಿತು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನಮ್ಮ ಹಳ್ಳಿಯವರು ಕಾಪಾಡುತ್ತಾರೆ. ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೂ (ಜಗತ್ತಿನ ಮುಖ್ಯ ಜವುಗು ನೆಲಗಳ ಪಟ್ಟಿ) ಸೇರಿತು. ನೀವು ಅಮೆರಿಕಕ್ಕೆ ಹೋಗಿ ಇದನ್ನು ಮಾಡುತ್ತಿದ್ದೀರಿ.

ಕೊಡಗಿನ ಕಾಫಿ

ನಿಮ್ಮ ಕಸಿವಿಸಿ ನನಗೆ ಅರ್ಥವಾಗುತ್ತದೆ. ಭಾರತದಲ್ಲಿ 1972ರ ಕಾಯ್ದೆ, ಆಮೇಲೆ 1991ರ ತಿದ್ದುಪಡಿ ಬಂದ ಮೇಲೆ ಬೇಟೆ ಮುಗಿದ ಅಧ್ಯಾಯ. ಅಲ್ಲಿ ಅದೇ ಸರಿ. ಊರಿಗೆ ಬಂದಾಗ ನಾನೂ ಬೈನಾಕ್ಯುಲರ್ ಹಿಡಿದು ಹೋಗುವವಳೇ. ಕೊಡಗಿನ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡಿ ಎತ್ತಿಡುತ್ತೇವೆ, ಅಷ್ಟೇ.

ಇಲ್ಲಿನ ಲೆಕ್ಕ ಬೇರೆ. 16 ತುಂಬಿದ ಪ್ರತಿ ಬಾತುಬೇಟೆಗಾರನೂ ವರ್ಷಕ್ಕೆ 25 ಡಾಲರಿನ ಫೆಡರಲ್ ಡಕ್ ಸ್ಟ್ಯಾಂಪ್ ಕೊಳ್ಳಲೇಬೇಕು. 1934ರಿಂದ ಆ ದುಡ್ಡಿನಲ್ಲಿ 60 ಲಕ್ಷ ಎಕರೆಗೂ ಮೇಲೆ ಜವುಗು ನೆಲ, ಹಕ್ಕಿಗಳ ನೆಲೆ ಉಳಿದಿದೆ. ಸೀಸದ ಗುಂಡು 1991ರಿಂದ ದೇಶದಾದ್ಯಂತ ಬಾತುಬೇಟೆಗೆ ನಿಷಿದ್ಧ. ದಿನಕ್ಕೆ ಇಷ್ಟೇ ಅಂತ ಮಿತಿ ಇದೆ, ಅದರೊಳಗೆ ಜಾತಿವಾರು ಮಿತಿ ಬೇರೆ. ಇದನ್ನು ಕೇಳಿ ನಿಮ್ಮ ಮನಸ್ಸು ಬದಲಾಗಬೇಕು ಅಂತೇನಿಲ್ಲ. ಸ್ಟ್ಯಾಂಪನ್ನು ಬೇಟೆಯಾಡದ ಹಕ್ಕಿಪ್ರಿಯರೂ ಕೊಳ್ಳುತ್ತಾರೆ, ಅದು ಹೇಳಬೇಕೆನಿಸಿತು.

ಹಕ್ಕಿಮಿತ್ರ

ಮನಸ್ಸು ಬದಲಾಗಿಲ್ಲ ಮೇಡಂ. ಆದರೆ ಸ್ಟ್ಯಾಂಪಿನ ವಿಷಯ ಗೊತ್ತಿರಲಿಲ್ಲ. ನಮ್ಮ ಕೆರೆಗಳಿಗೂ ಅಂಥ ಒಂದು ದುಡ್ಡಿನ ದಾರಿ ಇದ್ದಿದ್ದರೆ ಚೆನ್ನಾಗಿತ್ತು. ನಾನು ಇಲ್ಲಿಗೆ ನಿಲ್ಲಿಸುತ್ತೇನೆ.

ನಿರ್ವಾಹಕ

ಇಬ್ಬರಿಗೂ ಧನ್ಯವಾದ. ಬೇಟೆ ಸರಿಯೋ ತಪ್ಪೋ ಅನ್ನುವುದಕ್ಕೆ ಬೇರೆ ಎಳೆ ತೆರೆಯಬಹುದು. ಇಲ್ಲಿ ದೋಣಿ ಮಾತ್ರ.

ರಿವಿಟ್ ರಾಯ (ವಿಚಿಟಾ, ಕಾನ್ಸಾಸ್)

ವಿಮಾನದ ಮೈ ಕಟ್ಟುವ ಕೆಲಸ ನನ್ನದು. ರಿವಿಟ್ ಅಂದ ಕೂಡಲೇ ಮೂಗು ಮುರಿಯುವವರನ್ನು ಕಂಡರೆ ಸುಮ್ನೆ ಇರಲಾಗುವುದಿಲ್ಲ.

ನೀವು ಕೂತು ಬಂದ ವಿಮಾನದ ಮೈಯಲ್ಲಿ ಲಕ್ಷಗಟ್ಟಲೆ ರಿವಿಟ್ಟು ಮತ್ತು ಅಂಥದ್ದೇ ಮೊಳೆಗಳಿವೆ. ಎರಡನೇ ಮಹಾಯುದ್ಧ ಮುಗಿದಾಗ ಯುದ್ಧವಿಮಾನ ಮಾಡುತ್ತಿದ್ದ ಗ್ರಮ್ಮನ್ ಕಂಪನಿ ಅದೇ ಕೈಚಳಕದಲ್ಲಿ ಅಲ್ಯೂಮಿನಿಯಂ ಕನೂ (ಹುಟ್ಟು ಹಾಕುವ ಉದ್ದ ದೋಣಿ) ಮಾಡಲು ಶುರುಮಾಡಿತು. ಅವುಗಳಲ್ಲಿ ಎಷ್ಟೋ ಇವತ್ತಿಗೂ ನೀರಿನಲ್ಲಿವೆ. ರಿವಿಟ್ ದೋಣಿಗೆ ತೆಳು ತಗಡು ಸಾಕು, ಹಾಗಾಗಿ ಹಗುರ. ಅಲೆಗೆ ಸ್ವಲ್ಪ ಬಳುಕುತ್ತದೆ ಕೂಡ. ತೊಂದರೆ ಏನೆಂದರೆ ಆ ಬಳುಕಾಟದಲ್ಲೇ ವರ್ಷಗಳು ಕಳೆದ ಮೇಲೆ ಕೆಲವು ಸಡಿಲವಾಗಿ ನೀರು ಒಸರುತ್ತವೆ. ಅದನ್ನು ಮತ್ತೆ ಬಡಿದು ಬಿಗಿ ಮಾಡಬಹುದು. ಇಬ್ಬರು ಬೇಕು, ಒಬ್ಬ ಹೊರಗೆ ಸುತ್ತಿಗೆ, ಇನ್ನೊಬ್ಬ ಒಳಗೆ ಭಾರದ ಕಬ್ಬಿಣ ಒತ್ತಿ ಹಿಡಿಯಲು.

ವೆಲ್ಡಿಂಗ್ ದೋಣಿಗೆ ದಪ್ಪ ಹಾಳೆ ಬೇಕು. ಹೆಚ್ಚಾಗಿ 5052 ಅನ್ನುವ ಮಿಶ್ರಲೋಹ, ದಪ್ಪ 0.080, 0.100 ಅಥವಾ 0.125 ಇಂಚು. ಬೊಡ್ಡೆ, ಕಲ್ಲು, ಮಂಜುಗಡ್ಡೆಗೆ ಬಡಿಯುವ ದೋಣಿಗೆ 0.100 ಚೆನ್ನ. ಆದರೆ ವೆಲ್ಡಿಂಗ್ ಕಾವಿಗೆ ಹೊಲಿಗೆಯ ಪಕ್ಕದ ಲೋಹ ಮೆತ್ತಗಾಗುತ್ತದೆ. ಬಿರುಕು ಬಂದರೆ ಅಲ್ಲೇ ಬರುತ್ತದೆ, ಮುಖ್ಯವಾಗಿ ಹಿಂದೆ ಎಂಜಿನ್ ನೇತುಹಾಕುವ ಟ್ರಾನ್ಸಮ್ ಮೂಲೆಗಳಲ್ಲಿ. ಅದನ್ನು ಮನೆಯಲ್ಲಿ ಸರಿಮಾಡಲಾಗುವುದಿಲ್ಲ, ಅಲ್ಯೂಮಿನಿಯಂ ಬಲ್ಲ ವೆಲ್ಡರ್ ಬೇಕು.

ಇನ್ನು ಮಾಡ್-ವಿ ಜಾನ್ ಬೋಟ್ ಅಂದರೆ ಹಿಂದೆ ಚಪ್ಪಟೆ, ಮುಂದೆ ಮೂತಿ ಸ್ವಲ್ಪ ಚೂಪು. ಎರಡೂ ಕೆಲಸಕ್ಕೆ ನಡುವಿನ ದಾರಿ. ನನ್ನ ಓಟೂ (ಆ)ಗೆ. ರಿವಿಟ್ ಕಾರಣಕ್ಕೆ (ಅ) ಬೇಡ ಅನ್ನಬೇಡಿ. ಬೇಡ ಅನ್ನಲು ಬೇರೆ ಕಾರಣ ಇದೆ, ತೂಕ. ನಿಮ್ಮ ಸಾಮಾನಿನ ತೂಕ ಹಾಕಿ, ಲೆಕ್ಕ ಮಾಡೋಣ.

ತುಂಗಾತೀರ

ಅಡುಗೆಮನೆ ತಕ್ಕಡಿಯಿಂದ ಬಚ್ಚಲಿನ ತಕ್ಕಡಿವರೆಗೆ ಎಲ್ಲ ಬಳಸಿ ತೂಗಿದೆ. ಪೌಂಡಿನಲ್ಲಿ:

ನಾನು 185, ಗೆಳೆಯ 210, ನಾಯಿ 75. ಡಿಕಾಯ್ ಚೀಲ 60. ಕೋವಿ, ಗುಂಡು, ಊಟ, ಥರ್ಮಾಸ್ 40. ಬ್ಯಾಟರಿ 50, ಟ್ರೋಲಿಂಗ್ ಮೋಟಾರ್ (ಬ್ಯಾಟರಿಯಲ್ಲಿ ಓಡುವ ಚಿಕ್ಕ ಮೋಟಾರ್) 30. ಪೆಟ್ರೋಲ್ 6 ಗ್ಯಾಲನ್, ಡಬ್ಬಿ ಸೇರಿ 45. ಲಂಗರು, ಹಗ್ಗ 25. ವೇಡರ್ (ನೀರಿಗಿಳಿಯುವ ಉಡುಪು), ಮಳೆಯಂಗಿ 40. ಒಟ್ಟು 760. ಇದಕ್ಕೆ ಎಂಜಿನ್ ಸೇರಿಸಿಲ್ಲ.

ರಿವಿಟ್ ರಾಯ

ಎಷ್ಟೋ 1436 ದೋಣಿಗಳ ಪ್ಲೇಟಿನಲ್ಲಿ ಜನ, ಎಂಜಿನ್, ಸಾಮಾನು ಎಲ್ಲ ಸೇರಿ 600 ಪೌಂಡ್ ಆಸುಪಾಸು ಅಂತ ಇರುತ್ತದೆ. ನೀವು ಎಂಜಿನ್ ಇಲ್ಲದೆಯೇ ದಾಟಿಬಿಟ್ಟಿರಿ. (20 ಅಡಿಗಿಂತ ಚಿಕ್ಕ ಮೋಟಾರ್ ದೋಣಿಗೆ ಆ ಪ್ಲೇಟ್ ಇರಲೇಬೇಕು. ಒಳಗೆ, ಹಿಂದೆ ಕೂರುವವನಿಗೆ ಕಾಣುವ ಜಾಗದಲ್ಲಿ ಅಂಟಿಸಿರುತ್ತಾರೆ. ಎಷ್ಟು ಜನ, ಎಷ್ಟು ಪೌಂಡ್, ಎಷ್ಟು ಎಚ್‌ಪಿ.)

ಇನ್ನೊಂದು ಲೆಕ್ಕ ನೋಡಿ. ಒಂದು ಘನ ಅಡಿ ನೀರು 62.4 ಪೌಂಡ್. 1436ರ ತಳ ಸುಮಾರು 42 ಚದರ ಅಡಿ, ಮೂತಿ ಮೇಲಕ್ಕೆ ಬಾಗಿರುವುದರಿಂದ ನೀರಿಗೆ ತಾಗುವುದು 33 ಅಂತಿಟ್ಟುಕೊಳ್ಳಿ. ಒಂದು ಇಂಚು ಮುಳುಗಲು ಸುಮಾರು 170 ಪೌಂಡ್. ನಿಮ್ಮ 760, ಚಿಕ್ಕ ಎಂಜಿನ್ 90, ದೋಣಿಯದೇ ತೂಕ 170 ಅಂದರೆ 1,020. ಆರು ಇಂಚು ಮುಳುಗಿತು. ಶಾರ್ಟ್ ಶಾಫ್ಟಿನ (ಗಿಡ್ಡ ಕಾಲಿನ ಎಂಜಿನ್ ಹಾಕುವ) ಟ್ರಾನ್ಸಮ್ ಎತ್ತರ 15 ಇಂಚು. ಉಳಿದದ್ದು 9. ಹಿಂದೆ ಎಂಜಿನ್, ಪೆಟ್ರೋಲ್, ಬ್ಯಾಟರಿ, 185 ಪೌಂಡಿನ ನೀವು. ಹಿಂಭಾಗ ಇನ್ನೂ ಮೂರು ಇಂಚು ಕುಸಿಯುತ್ತದೆ. ಉಳಿದದ್ದು 6. ಎಂಜಿನ್ ಥಟ್ಟನೆ ನಿಧಾನ ಮಾಡಿದಾಗ ನಿಮ್ಮದೇ ಅಲೆ ಹಿಂದಿನಿಂದ ಬಂದು ಒಳಗೆ ಸುರಿಯಲು ಅಷ್ಟು ಸಾಕು.

1648ಕ್ಕೆ ಇದೇ ಲೆಕ್ಕ ಹಾಕಿದರೆ ಇಂಚಿಗೆ 260 ಪೌಂಡ್ ಆಸುಪಾಸು ಬರುತ್ತದೆ. 760, ಎಂಜಿನ್ 130, ದೋಣಿ 400 ಅಂದರೂ ಐದು ಇಂಚು. ಲಾಂಗ್ ಶಾಫ್ಟ್ ಟ್ರಾನ್ಸಮ್ ಆದರೆ ಎತ್ತರ 20 ಇಂಚು. ಈಗ ನೀವೇ ಹೇಳಿ.

ತುಂಗಾತೀರ

ಗೆಳೆಯನಿಗೆ ಈ ಲೆಕ್ಕ ತೋರಿಸಿದೆ. "ನಾನು ತೂಕ ಇಳಿಸ್ತೀನಿ" ಅಂದ. (ಅ) ಪಟ್ಟಿಯಿಂದ ಹೊರಗೆ ಹೋಯಿತು.

ಹೊಸ ಗಾಳ (ಡಲ್ಲಾಸ್)

ಸರ್, ನನ್ನದೊಂದು ಅಡ್ಡ ಪ್ರಶ್ನೆ. ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಮೀನಿಗೆ ಲೈಸೆನ್ಸ್ ಇದೆ. ಬಾತುಬೇಟೆಗೆ ಹೋಗಬಹುದಾ? ಆಫೀಸಿನಲ್ಲಿ ಒಬ್ಬರು ಕೋವಿ ಮುಟ್ಟಿದರೆ ಗಡೀಪಾರು ಅಂದರು.

ರಿವಿಟ್ ರಾಯ

ದೋಣಿ ಕೊಳ್ಳಲು, ನೋಂದಾಯಿಸಲು ವೀಸಾ ಅಡ್ಡ ಬರುವುದಿಲ್ಲ. ಕೋವಿ ವಿಷಯ ಹಾಗಲ್ಲ. ಫೆಡರಲ್ ಕಾನೂನಿನ ಪ್ರಕಾರ ಎಚ್-1ಬಿ, ಎಫ್-1 ತರಹದ ತಾತ್ಕಾಲಿಕ ವೀಸಾದವರು ಬಂದೂಕು, ಗುಂಡು ಇಟ್ಟುಕೊಳ್ಳುವಂತಿಲ್ಲ. ಇದಕ್ಕೆ ಇರುವ ವಿನಾಯಿತಿಗಳಲ್ಲಿ ಒಂದು, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇರುವುದು. ಮೀನಿನ ಲೈಸೆನ್ಸ್ ಅಲ್ಲ, ಬೇಟೆಯದು. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿರ್ಬಂಧ ಇಲ್ಲ.

ತಪ್ಪಿದರೆ ಅಪರಾಧ, ವೀಸಾಗೂ ಪೆಟ್ಟು. ಗೆಳೆಯರ ಕೋವಿಯನ್ನು ಕೈಗೆ ತೆಗೆದುಕೊಳ್ಳುವ ಮುಂಚೆ ವಲಸೆ ವಕೀಲರ ಹತ್ತಿರ ಒಂದು ಸಲ ಕೂತು ಮಾತಾಡಿ. ನಾವು ಇಲ್ಲಿ ಬರೆದದ್ದನ್ನು ನಂಬಿ ಹೋಗಬೇಡಿ.

ಹೊಸ ಗಾಳ

ಸದ್ಯಕ್ಕೆ ಮೀನೇ ಸಾಕು ಸರ್ 🙏

ಜವಾರಿ ಜೋಳ

ತುಂಗಾತೀರ ಅಣ್ಣ, ಹಳೆ ದೋಣಿ ನೋಡಲು ಹೋದಾಗ ಮಾರುವವನ ಮಾತು ಕೇಳಬೇಡಿ, ನೀರಿನ ಮಾತು ಕೇಳಿ. ಡ್ರೇನ್ ಪ್ಲಗ್ (ನೀರು ಹೊರಬಿಡುವ ತೂತಿನ ಬಿರಡೆ) ಹಾಕಿ, ಟ್ರೇಲರ್ ಮೇಲೇ ಪೈಪಿನಿಂದ ನೀರು ಬಿಡಿ. ಎರಡು ಇಂಚು ಸಾಕು. ಕೆಳಗೆ ಮಲಗಿ ಎಲ್ಲಿ ತೊಟ್ಟಿಕ್ಕುತ್ತದೆ ನೋಡಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ. ತೊಟ್ಟಿಕ್ಕಿದ ಕಡೆಗೆಲ್ಲ ಬೆಲೆ ಇಳಿಸಲು ಕೇಳಿ.

ರಿವಿಟ್ ರಾಯ

ಎರಡು ಇಂಚಿಗಿಂತ ಮೇಲೆ ಬೇಡ! 1648ರಲ್ಲಿ ಎರಡು ಇಂಚು ಅಂದರೆ ಹತ್ತಿರ ಹತ್ತಿರ 600 ಪೌಂಡ್. ನೀರು ಹಾಕುವ ಮುಂಚೆ ಟ್ರೇಲರಿನ ಟೈರ್ ನೋಡಿಕೊಳ್ಳಿ.

ಇನ್ನೂ ಎರಡು ಜಾಗ. ಒಂದು ಟ್ರಾನ್ಸಮ್. ಹಳೆಯ ದೋಣಿಗಳಲ್ಲಿ ಒಳಗೆ ಪ್ಲೈವುಡ್ ಇರುತ್ತದೆ. ಎಂಜಿನ್ ಹಿಡಿದು ಮೇಲಕ್ಕೂ ಕೆಳಕ್ಕೂ ಅಲುಗಾಡಿಸಿ. ಟ್ರಾನ್ಸಮ್ ಜೊತೆಗೆ ಬಾಗಿದರೆ ಒಳಗೆ ಕೊಳೆತಿದೆ. ಇನ್ನೊಂದು ಸೀಟಿನ ಕೆಳಗಿನ ಫೋಮ್. ದೋಣಿ ಮಗುಚಿದರೂ ತೇಲಲಿ ಅಂತ ಹಾಕಿರುವುದು. ವರ್ಷಗಟ್ಟಲೆ ಮಳೆನೀರು ನಿಂತರೆ ಅದು ನೀರು ಕುಡಿದು ಭಾರವಾಗುತ್ತದೆ. ತೂಕ ಹೆಚ್ಚು, ತೇಲುವ ಗುಣ ಕಡಿಮೆ. ದೋಣಿ ಕಾಣುವುದಕ್ಕಿಂತ ಭಾರ ಅನಿಸಿದರೆ ಅನುಮಾನಪಡಿ.

ಕೊಡಗಿನ ಕಾಫಿ

ಟ್ರೇಲರ್ ಬಗ್ಗೆ ಯಾರೂ ಹೇಳಲಿಲ್ಲ. ದೋಣಿ ಕೆಟ್ಟು ವಾಪಸ್ ಬಂದವರಿಗಿಂತ ಟ್ರೇಲರಿನ ಬೇರಿಂಗ್ ಕಿತ್ತು ರಸ್ತೆ ಬದಿ ನಿಂತವರನ್ನೇ ನಾನು ಜಾಸ್ತಿ ನೋಡಿದ್ದೇನೆ. ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ. ಗರಗರ ಅಂದರೆ ಬೇರಿಂಗ್ ಹೋಗಿದೆ. ಹಿಂದಿನ ದೀಪಗಳು ಉರಿಯುತ್ತವಾ ನೋಡಿ.

ದೋಣಿಯ ಹಿಂದೆ, ಬಲಗಡೆ ಮೇಲ್ಭಾಗದಲ್ಲಿ 12 ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಇರುತ್ತದೆ. ಕಾಗದದಲ್ಲಿರುವುದಕ್ಕೆ ಹೊಂದಬೇಕು. ಹೊಂದದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ. ಟೈಟಲ್ (ಒಡೆತನದ ಪತ್ರ) ಬೇಕೋ ಬೇಡವೋ ಅನ್ನುವುದು ಒಂದೊಂದು ರಾಜ್ಯದಲ್ಲಿ ಒಂದೊಂದು ಥರ.

ಪಡುವಣ ಗಾಳಿ

ಬೇಟೆಗೆ ದೋಣಿಯೊಳಗೆ ಹಲಗೆ ಹಾಕುವವರು ಉಂಟಲ್ಲ, ನಾಯಿ ನಿಲ್ಲಲು, ಸಾಮಾನು ಇಡಲು. ಅಂಗಡಿಯಲ್ಲಿ ಹಸಿರು ಛಾಯೆಯ ಟ್ರೀಟೆಡ್ ಮರ ಸಿಗುತ್ತದೆ, ಕೊಳೆಯುವುದಿಲ್ಲ ಅಂತ ಅದನ್ನೇ ತರಬೇಡಿ. ಅದರಲ್ಲಿ ತಾಮ್ರ ಇರುತ್ತದೆ. ತಾಮ್ರ, ಅಲ್ಯೂಮಿನಿಯಂ, ನೀರು ಮೂರೂ ಒಟ್ಟಿಗೆ ಸೇರಿದರೆ ತಗಡನ್ನೇ ತಿಂದುಹಾಕುತ್ತದೆ. ಸಾದಾ ಹೊರಾಂಗಣ ಪ್ಲೈವುಡ್ ತಂದು ನಾಲ್ಕೂ ಅಂಚಿಗೆ ಎಪಾಕ್ಸಿ ಬಳಿಯಿರಿ. ಚಿಲ್ಲರೆ ಕಾಸು ದೋಣಿಯ ತಳಕ್ಕೆ ಬಿದ್ದರೂ ಹೆಕ್ಕಿ ತೆಗೆಯಿರಿ ಮಾರಾಯ್ರೆ, ಪೆನ್ನಿಯ ಮೇಲ್ಪದರ ತಾಮ್ರದ್ದು.

ಕೊಡಗಿನ ಕಾಫಿ

ಕಾರ್ಪೆಟ್ ಕೂಡ ಬೇಡ. ಮೀನಿನವರು ಇಷ್ಟಪಡುತ್ತಾರೆ, ಸದ್ದು ಕಡಿಮೆ ಅಂತ. ನವೆಂಬರಿನಲ್ಲಿ ಒದ್ದೆ ನಾಯಿ ಕೂತು ಎದ್ದರೆ ಅದು ಮಂಜುಗಡ್ಡೆಯ ಹಾಸು. ಒರಟು ಬೆಡ್‌ಲೈನರ್ ಬಣ್ಣ ಬಳಿದರೆ ಜಾರುವುದಿಲ್ಲ, ಡಿಕಾಯ್ ಬಿದ್ದಾಗ ಟಣ್ ಅನ್ನುವುದೂ ಕಡಿಮೆ. ಹೊರಗೆ ಹೊಳಪಿಲ್ಲದ ಮಣ್ಣಿನ ಬಣ್ಣ ಸಾಕು. ನೂರಾರು ಡಾಲರಿನ ಎಲೆ-ಬಳ್ಳಿ ಚಿತ್ತಾರಕ್ಕೆ ದುಡ್ಡು ಸುರಿಯಬೇಡಿ, ಬಾತಿಗೆ ಕಾಣುವುದು ಹೊಳಪು ಮತ್ತು ಅಲುಗಾಟ. ಪಕ್ಕಕ್ಕೆ ಮಡಚುವ ಚೌಕಟ್ಟು ಕಟ್ಟಿ, ಆಯಾ ಕೆರೆಯ ಜೊಂಡನ್ನೇ ಸಿಕ್ಕಿಸಿ. ವಾಪಸ್ ಹೊರಡುವ ಮುಂಚೆ ಕಿತ್ತು ಅಲ್ಲೇ ಬಿಡಿ. ನೀರೊಳಗಿನ ಗಿಡ, ಪಾಚಿ ಹೊತ್ತು ರಸ್ತೆಗೆ ಬಂದರೆ ದಂಡ. ಜೀಬ್ರಾ ಮಸೆಲ್ ಅನ್ನುವ ಚಿಪ್ಪುಹುಳದ ಕಾಟಕ್ಕೆ ಈ ನಿಯಮ. ಮಿನ್ನೆಸೋಟದಲ್ಲಿ ರಸ್ತೆಯ ಮೇಲೆ ಡ್ರೇನ್ ಪ್ಲಗ್ ಬಿಚ್ಚಿಯೇ ಇರಬೇಕು.

ಜವಾರಿ ಜೋಳ

ಅದಕ್ಕೇ ಅಲ್ವಾ ಮುಂದಿನ ಸಲ ಪ್ಲಗ್ ಹಾಕಲು ಮರೆತು ದೋಣಿ ಇಳಿಸುವುದು 😀 ಕಾರಿನ ಕೀಲಿಗೊಂಚಲಿಗೇ ಪ್ಲಗ್ ಕಟ್ಟಿಕೊಳ್ಳಿ.

ಕೊಡಗಿನ ಕಾಫಿ

ನಗುವ ಮಾತಲ್ಲದ ಒಂದು ವಿಷಯವನ್ನೂ ಹೇಳಬೇಕು.

ನಮ್ಮ ಊರಿನ ಪಕ್ಕದಲ್ಲೇ ಮಿಸ್ಸಿಸಿಪ್ಪಿ. ವಬಾಷಾದಿಂದ ರಾಕ್ ಐಲೆಂಡಿನವರೆಗೆ 261 ಮೈಲಿ ಉದ್ದದ ವನ್ಯಧಾಮ, 1924ರಲ್ಲಿ ಆದದ್ದು. ನವೆಂಬರಿನಲ್ಲಿ ಕ್ಯಾನ್ವಾಸ್‌ಬ್ಯಾಕ್ ಬಾತುಗಳು ಸಾವಿರ ಸಾವಿರ ಬಂದು ಕೂರುತ್ತವೆ. 1940ರ ನವೆಂಬರ್ 11ರಂದು ಬೆಳಿಗ್ಗೆ ಇದೇ ನದಿಯ ಮೇಲೆ ಹವೆ ಹಿತವಾಗಿತ್ತು. ಜನ ತೆಳು ಅಂಗಿಯಲ್ಲೇ ಬೇಟೆಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಹಿಮಗಾಳಿ ಬಂತು. ಮಿನ್ನೆಸೋಟದಲ್ಲೇ 49 ಜನ ಸತ್ತರು, ಅರ್ಧದಷ್ಟು ಬಾತುಬೇಟೆಗಾರರು. ದ್ವೀಪಗಳಲ್ಲಿ ಸಿಕ್ಕಿಹಾಕಿಕೊಂಡವರ ಚಿಕ್ಕ ದೋಣಿಗಳು ಆ ಅಲೆಗೆ ಇಳಿಯುವಂತಿರಲಿಲ್ಲ. ಇಲ್ಲಿನ ಹಿರಿಯರು ಇವತ್ತಿಗೂ ಈ ಮಾತು ಎತ್ತುತ್ತಾರೆ.

ತಣ್ಣೀರಿಗೆ ಬಿದ್ದರೆ 1-10-1 ಅನ್ನುವ ಲೆಕ್ಕ ನೆನಪಿಡಿ. ಉಸಿರು ಹಿಡಿತಕ್ಕೆ ಬರಲು ಒಂದು ನಿಮಿಷ. ಕೈಕಾಲು ನಿಮ್ಮ ಮಾತು ಕೇಳುವುದು ಹತ್ತು ನಿಮಿಷ. ಪ್ರಜ್ಞೆ ತಪ್ಪುವ ಮುಂಚೆ ಸುಮಾರು ಒಂದು ಗಂಟೆ. ಆ ಒಂದು ಗಂಟೆ ಸಿಗುವುದು ಲೈಫ್ ಜಾಕೆಟ್ ಮೈಮೇಲಿದ್ದರೆ ಮಾತ್ರ, ಸೀಟಿನ ಕೆಳಗಿದ್ದರೆ ಅಲ್ಲ. ದೋಣಿ 16 ಅಡಿ ಆಗಿರುವುದರಿಂದ ಎಸೆಯುವ ತೇಲುದಿಂಬು ಒಂದು ಇರಲೇಬೇಕು. ಟಿಲ್ಲರ್ ಹಿಡಿದವರು ಎಂಜಿನ್ ನಿಲ್ಲಿಸುವ ದಾರವನ್ನು ಮೈಗೆ ಸಿಕ್ಕಿಸಿಕೊಂಡಿರಬೇಕು. 2021ರ ಏಪ್ರಿಲಿನಿಂದ ಫೆಡರಲ್ ನಿಯಮವೇ ಇದೆ. ಮಗನಿಗೆ 11 ಆಗಿದ್ದರೂ ಜಾಕೆಟ್ ತೆಗೆಯಲು ಬಿಡಬೇಡಿ.

ಎಂಜಿನ್ ಪೂರ್ತಿ ನಿಂತು, ಅದರ ಓಟಕ್ಕೆ ದೋಣಿ ಮುಂದೆ ಸಾಗುವುದೂ ನಿಂತ ಮೇಲೆಯೇ ಗುಂಡು. ಇದೂ ಫೆಡರಲ್ ನಿಯಮ. ದೋಣಿಯೊಳಗೆ ಒಬ್ಬರೇ ನಿಂತು ಹೊಡೆಯಿರಿ, ಇನ್ನೊಬ್ಬರು ಕೂತಿರಲಿ.

ತುಂಗಾತೀರ

ಅಕ್ಕ, ಇದನ್ನು ಹೆಂಡತಿಗೂ ಓದಿ ಹೇಳಿದೆ. ಮೊದಲು ಲೈಫ್ ಜಾಕೆಟ್ ಕೊಳ್ಳಿ, ಆಮೇಲೆ ದೋಣಿ ಅಂದಳು. ನ್ಯಾಯವೇ.

(ಆ)ಯ ಮಾಲೀಕರ ಹತ್ತಿರ ಮಾತಾಡಿದೆ. 0.100 ದಪ್ಪದ ತಳವಂತೆ. ಪ್ಲೇಟಿನ ಫೋಟೊ ಕಳಿಸಿದರು: ಜನ, ಎಂಜಿನ್, ಸಾಮಾನು ಸೇರಿ 1,150 ಪೌಂಡ್, ಗರಿಷ್ಠ 35 ಎಚ್‌ಪಿ. ಬೇಟೆಯ ದಿನ ನಮ್ಮದು ಎಂಜಿನ್ ಸೇರಿ 890. ಮೀನಿಗೆ ಹೋದಾಗ ಮಗ ಬರುತ್ತಾನೆ, ಡಿಕಾಯ್, ಕೋವಿ ಇರುವುದಿಲ್ಲ. ಇನ್ನೂ ಕಡಿಮೆ. ಆದರೆ ಅವರ ಎಂಜಿನ್ ಹಳೆಯ ಟೂ-ಸ್ಟ್ರೋಕ್, ಸರಿಯಾಗಿ ಸ್ಟಾರ್ಟ್ ಆಗುತ್ತಿಲ್ಲವಂತೆ. ಎಂಜಿನ್ ಬಿಟ್ಟು ದೋಣಿ, ಟ್ರೇಲರ್ ಮಾತ್ರ ಕೊಟ್ಟರೆ 3,800 ಅನ್ನುತ್ತಾರೆ. ಉಳಿದ ದುಡ್ಡಿಗೆ ಬೇರೆ ಫೋರ್-ಸ್ಟ್ರೋಕ್ ಹುಡುಕಲಾ?

ರಿವಿಟ್ ರಾಯ

ಹುಡುಕಿ. ಫ್ಯೂಯೆಲ್ ಇಂಜೆಕ್ಷನ್ ಇರುವ 20 ಅಥವಾ 25. ಚಳಿಯಲ್ಲಿ ಕಾರ್ಬ್ಯುರೇಟರ್ ಜೊತೆ ಗುದ್ದಾಡುವುದು ತಪ್ಪುತ್ತದೆ, ಮೀನಿಗೆ ನಿಧಾನಕ್ಕೆ ಓಡಿಸುವಾಗ ಹೊಗೆಯೂ ಇಲ್ಲ. ಕೊಳ್ಳುವ ಮುಂಚೆ ಟ್ರಾನ್ಸಮ್ ಎತ್ತರ ಅಳೆಯಿರಿ. 15 ಇದ್ದರೆ ಶಾರ್ಟ್ ಶಾಫ್ಟ್, 20 ಇದ್ದರೆ ಲಾಂಗ್. ತಪ್ಪಿ ಲಾಂಗ್ ಶಾಫ್ಟನ್ನು 15ಕ್ಕೆ ಹಾಕಿದರೆ ಐದು ಇಂಚು ಸುಮ್ನೆ ಕೆಳಗೆ ನೇತಾಡುತ್ತದೆ, ಆಳವಿಲ್ಲದ ನೀರಿನಲ್ಲಿ ಮೊದಲು ಬಡಿಯುವುದೇ ಅದು.

ಕೊಡಗಿನ ಕಾಫಿ

ಟಿಲ್ಲರಿಗೆ ಕೈಹಿಡಿ ಉದ್ದ ಮಾಡುವ ಪೈಪ್ ಸಿಗುತ್ತದೆ, ಹಾಕಿಸಿ. ನೀವು ಒಂದೆರಡು ಅಡಿ ಮುಂದೆ ಕೂರಬಹುದು, ಹಿಂದಿನ ಭಾರ ಕಡಿಮೆಯಾಗುತ್ತದೆ. ಪೆಟ್ರೋಲ್ ಡಬ್ಬಿ, ಬ್ಯಾಟರಿ ಎರಡನ್ನೂ ಮುಂದಕ್ಕೆ ಸಾಗಿಸಿ. ಮತ್ತೆ, ನಮ್ಮ ನದಿಗೆ ಬರುವಾಗ ಹೇಳಿ. ನೀರಿನಡಿಯಲ್ಲಿ 1800ರ ಕೊನೆಯ ದಶಕಗಳ ಕಲ್ಲಿನ ಒಡ್ಡುಗಳಿವೆ, ವಿಂಗ್ ಡ್ಯಾಮ್ ಅನ್ನುತ್ತಾರೆ. ನಕ್ಷೆ ನೋಡದೆ ಓಡಿಸಿದವರ ಪ್ರೊಪೆಲರ್ ಅಲ್ಲೇ ಉಳಿಯುತ್ತದೆ. ಮೊದಲ ಸಲ ನನ್ನ ಹಿಂದೆಯೇ ಬನ್ನಿ.

ತುಂಗಾತೀರ

ಖಂಡಿತ ಅಕ್ಕ. ಮಾಲೀಕರಿಗೆ ಫೋನ್ ಮಾಡಿ ಅಳೆಸಿದೆ: 20 ಇಂಚು, ಲಾಂಗ್ ಶಾಫ್ಟ್. ಭಾನುವಾರ ಪೈಪು, ಸೀಮೆಸುಣ್ಣ, ಜ್ಯಾಕ್ ತಗೊಂಡು ಹೋಗುತ್ತಿದ್ದೇವೆ. ಟ್ರೇಲರಿನ ಒಂದು ಚಕ್ರ ಸ್ವಲ್ಪ ಅಲುಗುತ್ತದೆ ಅಂತ ಅವರೇ ಹೇಳಿದ್ದಾರೆ. ಮಿನಿಯಾಪೊಲಿಸ್ ಸುತ್ತಮುತ್ತ ಯಾರ ಹತ್ತಿರವಾದರೂ ಐದು ಬೋಲ್ಟಿನ ಸ್ಪೇರ್ ಹಬ್ ಇದ್ದರೆ ತಿಳಿಸಿ, ನಾನೇ ಬಂದು ತಗೊಂಡು ಹೋಗ್ತೀನಿ.